ಭಂಡಾರದ ಚೀಲದೊಳಗಿನ ಗುಳಿಗೆ

ಸಹೃದಯ ವಾಚಕ ಮಹಾಶಯರೇ, ಮನುಷ್ಯನು ಒಮ್ಮೊಮ್ಮೆ ತನ್ನ ಪ್ರಾಣಕ್ಕಿಂತ ತನ್ನ ಹೆಸರಿಗೇ ಹೆಚ್ಚು ಅಂಜುತ್ತಾನೆಂಬುದನ್ನು ತಾವು ಬಲ್ಲಿರಿ. ಅರಿಯದವರಿದ್ದಲ್ಲಿ, ಕಮತಗಿಯ ಬೀರಪ್ಪನ ಗುಡಿಯ ಪೂಜಾರಿ ಗುರಪ್ಪನ ವೃತ್ತಾಂತವನ್ನು ಸಾವಧಾನವಾಗಿ ಆಲಿಸಬೇಕೆಂದು ವಿನಂತಿ.

ಗುರಪ್ಪನ ತಲೆಯೊಳಗೆ ಗಡ್ಡೆಯೊಂದು ಬೆಳೆದಿತ್ತು. ಅದು ಬಂದಂದಿನಿಂದ ಜಗತ್ತು ಅವನಿಗೆ ತುಸು ಸಡಿಲವಾಗಿ ಕಾಣುತ್ತಿತ್ತು. ಕುರಿಗಳು ನೆಲ ಮುಟ್ಟದೆ ನಡೆಯುವವು. ಉರಿಬಿಸಿಲಿನಲ್ಲಿ ಎಲ್ಲಿಂದಲೋ ತೊಯ್ದ ಉಣ್ಣೆಯ ವಾಸನೆ ತೇಲಿ ಬರುವುದು. ಬಾಗಲಕೋಟೆಯ ದವಾಖಾನೆಯಲ್ಲಿ ಗಡ್ಡೆಗೆ ಆರು ವಾರ ಕರೆಂಟ್ ಕೊಡುವುದೆಂದು ನಿಶ್ಚಯವಾಗಿತ್ತು. ವಿಕಿರಣವನ್ನು ಮಂದಿ ಕರೆಯುವುದು ಹಾಗೆಯೇ. ಅದಕ್ಕೆ ಒಂದು ವಾರ ಮೊದಲು ಡಾಕ್ಟರ್ ಶೀಲಾ ಅಂದಿನಿಂದಲೇ ದಿನಕ್ಕೊಂದರಂತೆ ನುಂಗಲು ಗುಳಿಗೆಯ ಹಾಳೆಯೊಂದನ್ನು ಕೈಗಿಟ್ಟು, ಮುಚ್ಚುಮರೆಯಿಲ್ಲದೆ ಹೇಳಿದ್ದರು:

"ಇದು ಮನಸ್ಸಿನ ಜಡ್ಡಿಗೆ ಕೊಡೋ ಹಳೇ ಗುಳಿಗಿ ರೀ. ಕರೆಂಟ್ ಗಡ್ಡಿ ಒಳಗಿನ ಎಳಿ ಕಡೀತೈತಿ, ಗಡ್ಡಿ ಅವನ್ನ ತಿರುಗಿ ಕೂಡಿಸ್ಕೊಂತೈತಿ. ಆ ಕೂಡ್ಸೋದನ್ನ ಈ ಗುಳಿಗಿ ತಡೀತೈತೇನು ಅಂತ ನೋಡಾಕತ್ತೀವಿ. ಪ್ರಯೋಗ ಐತಿ, ಮಾತು ಕೊಡಂಗಿಲ್ಲ. ನೀವು ಒಲ್ಲೆ ಅಂದ್ರೂ ಕರೆಂಟ್ ನಿಲ್ಲಂಗಿಲ್ಲ."

ಗುರಪ್ಪ ಒಪ್ಪಿ ಸಹಿ ಮಾಡಿದ್ದ. ಊರಿಗೆ ಬಂದಮೇಲೆ 'ಮನಸ್ಸಿನ ಜಡ್ಡು' ಎಂಬ ಮಾತು ಅವನನ್ನು ಒಳಗೊಳಗೇ ಕೊರೆಯತೊಡಗಿತು. ಹುಚ್ಚ ಪೂಜಾರಿಯ ಕೈಯಿಂದ ಯಾರು ತಾನೇ ಹಣೆಗೆ ಭಂಡಾರ ಹಚ್ಚಿಸಿಕೊಂಡಾರು? ಗುಳಿಗೆಯ ಹಾಳೆಯನ್ನು ಬೀರಪ್ಪನ ಭಂಡಾರದ, ಎಂದರೆ ಅರಿಷಿಣದ, ಚೀಲದಲ್ಲಿ ಹುಗಿದುಬಿಟ್ಟ. ಗುಳಿಗೆಯ ಗುಣ ಭಂಡಾರಕ್ಕೆ ಇಳಿದೇ ಇಳಿಯುತ್ತದೆಂದು ನಂಬಿ, ಪ್ರತಿ ಸಂಜೆ ಒಂದು ಚಿಟಿಕೆ ಭಂಡಾರವನ್ನೇ ಬಾಯಿಗೆ ಹಾಕಿಕೊಂಡ.

ರವಿವಾರ ಇಳಕಲ್ಲಿನಿಂದ ಅಕ್ಕ ಲಗಮವ್ವ ನೋಡಲು ಬಂದಳು. ಹರೆಯದಲ್ಲಿ ಆಕೆ ಕಣ್ಣಿಗೆ ಕಾಣದವರೊಡನೆ ಮಾತಾಡುತ್ತಿದ್ದಳು. ಹೆಣ್ಣು ಕೊಡುವವರು ಬಂದಾಗ ಗುರಪ್ಪ ತನಗೆ ಅಕ್ಕನೇ ಇಲ್ಲವೆಂದಿದ್ದ. ಅಂದಿನಿಂದ ಆಕೆ ಇಳಕಲ್ಲಿನ ಮಗ್ಗದ ಮನೆಯೊಂದರಲ್ಲಿ, ಸೀರೆಯ ಹಾಸಿನಲ್ಲಿ ಕಡಿದ ಎಳೆಗಳನ್ನು ಕೂಡಿಸುತ್ತ ಬದುಕಿದ್ದಳು.

"ಹಚ್ಚಪಾ ಭಂಡಾರ," ಎಂದು ಹಣೆಯೊಡ್ಡಿದಳು. ಗುರಪ್ಪನ ಕೈ ಚೀಲದಿಂದ ಹೊರಬಂದಾಗ, ಹಾಳೆಯೂ ಜೊತೆಗೆ ಬಂದು ಆಕೆಯ ಉಡಿಯಲ್ಲಿ ಬಿತ್ತು. ಲಗಮವ್ವ ಸೆರಗಿನಿಂದ ಹಳದಿ ಒರೆಸಿದಳು.

"ಇವು ನನ್ನ ಗುಳಿಗಿ! ಇಪ್ಪತ್ತೆಂಟ ವರ್ಷ ನುಂಗೇನಿ, ಅರಿಷಿಣ ಬಳದ್ರ ಗುರ್ತು ಸಿಗಂಗಿಲ್ಲೇನು? ಒಂದೂ ತಗೊಂಡಿಲ್ಲಲ್ಲೋ ಗುರ್ಯಾ!"

ಅವನು ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿ, ತಲೆ ತಗ್ಗಿಸಿದ. "ಮಂದಿ ಏನಂದಾರ, ಅಕ್ಕಾ?"

"ಹುಚ್ಚ ಅಂದಾರ. ನನಗೂ ಅಂದ್ರು, ನೀನೂ ಅಂದಿ. ನಾ ಸತ್ನೇನು?" ಲಗಮವ್ವ ನಕ್ಕಳು. "ಆ ಡಾಕ್ಟರಬಾಯಿ ಶಾಣ್ಯಾಕಿ ಅದಾಳ. ಈ ಗುಳಿಗಿ ನುಂಗಿದ ಮೊದಲ್ನೇ ದಿನ ನಾ ಕೂಡ್ಸಿದ್ದು ಒಂದ ಎಳೀನೂ ನಿಂದ್ರಲಿಲ್ಲ. ಮಾಲಕ ಬೈದಾ ಬೈದಾ!"

"ಹೆಂಗಾಗ್ತೈತಿ, ನುಂಗಿದ್ರ?"

"ಬಾದಾಮಿ ಹೊಂಡದ ತಳದಾಗ ನಡದಂಗ. ಮ್ಯಾಲೆ ಅರಿವಿ ಒಗಿಯೋ ಸಪ್ಪಳ, ಹೆಂಗಸರ ಮಾತು, ಎಲ್ಲಾ ದೂರ. ಬೆಳಕು ಹಸರಾಗಿ ಇಳೀತೈತಿ. ಬಾಯಿ ಒಣಗತೈತಿ, ನೀರ ಕುಡಿ. ಬಿಸಲಾಗ ನಿಂದ್ರಬ್ಯಾಡ. ಅಂಜಬ್ಯಾಡೋ, ಕಾಲಿಗೆ ನೆಲ ಹತ್ತತೈತಿ."

ಕೇಳುತ್ತಿದ್ದಂತೆ ಗುರಪ್ಪನ ಸುತ್ತಲೂ ಆ ಹಸಿರು ನೀರು ಮೆಲ್ಲನೆ ಏರಿತು. ಅದರಲ್ಲಿ ಅಕ್ಕ ಒಬ್ಬಳೇ ನಡೆದ ಅಷ್ಟೂ ವರ್ಷಗಳು ಅವನಿಗೆ ಕಂಡವು. "ತಪ್ಪಾತವ್ವಾ," ಎಂದು ಗುಳಿಗೆಯೊಂದನ್ನು ಬಾಯಿಗೆ ಒಯ್ದ. ಆಕೆ ಅವನ ಮಣಿಕಟ್ಟು ಹಿಡಿದಳು.

"ತಡಿ. ವಾರ ತಪ್ಪಿಸಿದ್ದು ಮೊದ್ಲ ಡಾಕ್ಟರಬಾಯಿಗೆ ಹೇಳು. ಆಮ್ಯಾಲೆ ನುಂಗಂದ್ರ ನುಂಗು."

"ಹೇಳಿದ್ರ ಪ್ರಯೋಗದಿಂದ ತಗದಹಾಕ್ತಾರ."

"ತಗೀಲಿ. ನೀ ನುಂಗೇನಿ ಅಂತ ಸುಳ್ಳ ಹೇಳಿ, ಗಡ್ಡಿ ಕರಗಲಿಲ್ಲ ಅಂದ್ರ? ಗುಳಿಗೀನ ಖೊಟ್ಟಿ ಅಂತ ಬರ್ಕೊಂತಾರ. ನಾಳೆ ಯಾವದೋ ತಾಯಿ ಹಡದ ಮಗಳಿಗೆ ಸಿಗೋದು ತಪ್ಪತೈತಿ."

ಗುರಪ್ಪ ಗುಳಿಗೆಯನ್ನು ಹಾಳೆಯೊಡನೆ ಜೇಬಿಗಿಳಿಸಿದ. ಒಳಗೆ ಹೋಗಿ ಕಂಬಳಿ ಮಡಚಿದ. ಎರಡು ಧೋತರ, ಸ್ಕ್ಯಾನಿನ ದೊಡ್ಡ ಲಕೋಟೆ, ಒಣರೊಟ್ಟಿಯ ಗಂಟು, ಆರು ವಾರಕ್ಕೆ ಬೇಕಾದುದೆಲ್ಲ ಒಂದೇ ಚೀಲದಲ್ಲಿ ಹಿಡಿಯಿತು. ಗುಡಿಯ ಪೂಜೆಯನ್ನು ತಮ್ಮನ ಮಗ ಲಕ್ಷ್ಮಣನಿಗೆ ಒಪ್ಪಿಸಿದ.

ಸೋಮವಾರ ಬೆಳಗಿನಲ್ಲಿ, ಹುನಗುಂದದ ಕಡೆಯಿಂದ ಬಂದ ಬಸ್ಸನ್ನು ಅಕ್ಕ ತಮ್ಮ ಇಬ್ಬರೂ ಹತ್ತಿದರು. ಕಿಟಕಿಯಾಚೆ ಹೊಲಗಳು ತೇಲುತ್ತ ಹಿಂದೆ ಸರಿದವು. ಗುರಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಲಕೋಟೆಯಲ್ಲಿ ಹೇಳಬೇಕಾದ ಮಾತನ್ನು ತುಟಿಯಲ್ಲೇ ಮತ್ತೆಮತ್ತೆ ಆಡಿ ನೋಡಿದ: "ಒಂದೂ ನುಂಗಿಲ್ಲರಿ, ಡಾಕ್ಟರಬಾಯಿ."