ಗಣ್ಯರ ಸಾಲು

ಅಂಗಿಯ ಒಂದು ತೋಳು ಏರಿತು, ಇನ್ನೊಂದು ಏರಲೊಲ್ಲದು. ಹೆಂಡತಿ ಗಂಡನ ಭುಜವನ್ನು ಎತ್ತಿ ಹಿಡಿದಿದ್ದಳು. ಅವಳ ತಮ್ಮ ಸೆಟೆದ ಕೈಯನ್ನು ಬಗ್ಗಿಸಲು ನೋಡುತ್ತಿದ್ದ.

"ಎಳೀಬೇಡ್ವೋ, ನೋವಾಗ..." ಎಂದವಳು ಅಲ್ಲಿಗೇ ಬಾಯಿ ಮುಚ್ಚಿಕೊಂಡಳು.

ನಿನ್ನೆ ಬೆಳಿಗ್ಗೆ ತಿಂಡಿ ತಿನ್ನುತ್ತ ಪತ್ರಿಕೆಯಲ್ಲಿ ತಪ್ಪು ಹುಡುಕುತ್ತಿದ್ದ ಮನುಷ್ಯ. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಸ್ತೆಯಲ್ಲಿ ಗಾಡಿಗಳು ಸಿಕ್ಕಿಕೊಂಡಿರಬೇಕು ಎಂದುಕೊಂಡಿದ್ದಳು ಅವಳು. ಅದಕ್ಕಿಂತ ಹೆಚ್ಚು ಯೋಚಿಸಲು ತಲೆ ಓಡುತ್ತಿರಲಿಲ್ಲ.

ಬಾಗಿಲಲ್ಲಿ ಯಾರೋ ಕೆಮ್ಮಿದರು. ತುರ್ತು ಕರೆಗಳ ಕಂಟ್ರೋಲ್ ರೂಮಿನ ಮೇಲ್ವಿಚಾರಕ. ಆಂಬುಲೆನ್ಸ್ ಯಾರ ಮನೆಗೆ ಮೊದಲು ಹೋಗಬೇಕೆಂದು ತೀರ್ಮಾನಿಸುವ ಪ್ರೋಗ್ರಾಮನ್ನು ಬರೆದವನು ಅವಳ ಗಂಡ. ಈತ ಅವನ ಕೈಕೆಳಗೆ ಕೆಲಸ ಕಲಿತವನು, ಮನೆಯಲ್ಲಿ ಉಂಡು ಬೆಳೆದವನು.

"ಅಕ್ಕಾ, ಒಂದು ಮಾತು. ಬೆಳಿಗ್ಗೆ ಶಾಸಕರ ಕಚೇರಿಯಿಂದ ನಿನ್ನೆ ವಿಷಯ ವಿಚಾರಿಸಿದ್ರು. ಅವರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ ಅಂತ ಓಡಿ ಬಂದೆ."

"ಏನು ವಿಷಯ?"

"ನಿನ್ನೆ ನಿಮ್ಮ ಕರೆ ನಾನೂ ಕೇಳಿಸ್ಕೊಂಡೆ. ಧ್ವನಿ ಗುರುತು ಸಿಕ್ತು. ಹತ್ತಿರದಲ್ಲಿದ್ದದ್ದು ಒಂದೇ ಗಾಡಿ. ಕರೆಗಳ ಸರದೀಲಿ ನಿಮಗಿಂತ ಮುಂದೆ ಇನ್ನೊಂದು ಮನೆ ಇತ್ತು, ಅಲ್ಲಿಗೆ ಹೋಯ್ತು. ಮುಂಚೆ ಆಗಿದ್ರೆ ನಿಮ್ಮನ್ನ ಗಣ್ಯರ ಸಾಲಿಗೆ ಎತ್ತಿ ಹಾಕಬಹುದಿತ್ತು. ಆ ಸಾಲಿನವರಿಗೇ ಮೊದಲ ಗಾಡಿ. ಪರದೆ ಮೇಲೆ ನನ್ನ ಕೈ ಅದನ್ನೇ ಹುಡುಕ್ತು ಅಕ್ಕಾ. ಅಲ್ಲಿರಲಿಲ್ಲ."

"ಯಾಕಿರಲಿಲ್ಲ?"

ಅವನು ಅರ್ಧ ಅಂಗಿ ತೊಟ್ಟು ಮಲಗಿದ್ದವನ ಕಡೆ ನೋಡಿದ.

"ಇವರೇ ತೆಗೆಸಿದ್ರಲ್ಲ."

ಅವಳು ಎತ್ತಿ ಹಿಡಿದಿದ್ದ ಭುಜವನ್ನು ಕೆಳಗಿಟ್ಟಳು.

* * *

ಸರ್ಕಾರ ಆಂಬುಲೆನ್ಸ್ ನಿಯಮಗಳಿಗೆಂದು ಸಮಿತಿ ಮಾಡಿದಾಗ ಅದರಲ್ಲಿ ಅಧಿಕಾರಿಗಳಿದ್ದರು, ವೈದ್ಯರಿದ್ದರು, ಒಬ್ಬರು ಶಾಸಕರಿದ್ದರು. ಕಂಪ್ಯೂಟರಿನ ಹೊಟ್ಟೆಯೊಳಗೆ ಏನಿದೆ ಎಂದು ಬಲ್ಲವನು ಅವಳ ಗಂಡನೊಬ್ಬನೇ. ಯಾರು ಏನೇ ಹೇಳಲಿ, ಕೈಯೆತ್ತಿ "ಸರಿ, ಆದ್ರೆ..." ಎನ್ನುವುದು ಇವನ ಚಾಳಿ. ಹೀಗಾಗಿ ಸಮಿತಿಯಲ್ಲಿ 'ಆದ್ರೆ ಸಾಹೇಬ್ರು' ಎಂದೇ ಹೆಸರಾಯಿತು. ಹೆಂಡತಿಯೂ ಅದನ್ನೇ ಹಿಡಿದು ಗೇಲಿ ಮಾಡುತ್ತಿದ್ದಳು.

"ಕಂಪ್ಯೂಟರ್ ತಪ್ಪು ಮಾಡ್ತಿದೆ ಅಂತ ಬೈತಾರೆ ಕಣೇ. ದೊಡ್ಡವರ ಮೋರೆ ನೋಡಿ ಬಾಗಿಲು ತೆಗಿ ಅಂತ ಅದಕ್ಕೆ ಹೇಳಿಕೊಟ್ಟವರು ನಾವು. ನಿಯಮದಲ್ಲೇ ಬರಲಿ, ಇನ್ನು ಮೇಲೆ ಹೇಳಿಕೊಡಬಾರದು ಅಂತ," ಎನ್ನುತ್ತಿದ್ದ ಅವನು.

ಕರೆ ಮಾಡಿದವರಿಗೆ ಯಾವ ಪ್ರಶ್ನೆ ಕೇಳಬೇಕೆಂದು ಅವನು ಪರೀಕ್ಷೆ ಮಾಡಿದ್ದು ಮನೆಯ ಊಟದ ಮೇಜಿನಲ್ಲೇ. ಅವನು ಕಂಟ್ರೋಲ್ ರೂಮು, ಅವಳು ರೋಗಿಯ ಮನೆಯವಳು.

"ನೋವು ಹೇಗಿದೆ? ತಡ್ಕೊಳ್ಳೋ ಹಾಗಿದೆಯಾ?"

"ಅಯ್ಯಯ್ಯೋ, ಜೀವ ಬಾಯಿಗೆ ಬಂದಿದೆ! ಹೋದ್ರು, ಹೋದ್ರು!"

"ಹೆಚ್ಚು ಮಾಡಿ ಹೇಳ್ಬೇಡ ಮಾರಾಯ್ತಿ. ನೀನು ಕೂಗಾಡಿದ್ರೆ ಪಕ್ಕದ ಬೀದಿಯಲ್ಲಿ ನಿಜವಾಗ್ಲೂ ಸಾಯ್ತಿರೋನು ಹಿಂದೆ ಬೀಳ್ತಾನೆ."

"ಸುಳ್ಳುಸುಳ್ಳೇ ಸಾಯೋಕೂ ನಿಮ್ಮ ಅಪ್ಪಣೆ ಬೇಕಾ?"

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

ನಿನ್ನೆ ಅವಳು ಫೋನು ಕಿವಿಗಿಟ್ಟುಕೊಂಡು ನಿಂತಾಗ ಆ ಕಡೆಯಿಂದ ಬಂದದ್ದು ಅದೇ ಪ್ರಶ್ನೆ. ಸೋಫಾದಲ್ಲಿ ಬೆವರಿ ತೊಪ್ಪೆಯಾಗಿದ್ದ ಗಂಡ ಕೈಯಾಡಿಸಿ, "ತಡ್ಕೋಬಹುದು ಅನ್ನು. ಹೆಚ್ಚು ಮಾಡ್ಬೇಡ" ಎಂದ. ಇಷ್ಟು ವರ್ಷ ಅವನ ಮಾತು ಕೇಳಿ ರೂಢಿಯಾಗಿದ್ದ ನಾಲಿಗೆ ಹಾಗೆಯೇ ಹೇಳಿತು.

* * *

"ತಡ್ಕೋತಿದ್ದಾರೆ ಅಂದೆ ನಾನು," ಎಂದಳು ಅವಳು. "ಅದಕ್ಕೇ ಹಿಂದೆ ಬಿದ್ರಾ?"

ಮೇಲ್ವಿಚಾರಕ ತಲೆ ತಗ್ಗಿಸಿದ. "ಅದೂ ಒಂದು ಅಕ್ಕಾ. ಅದೊಂದೇ ಅಲ್ಲ."

"ಆ ಇನ್ನೊಂದು ಮನೆ? ಅಲ್ಲಿ ಬದುಕಿದ್ರಾ?"

"ಗಾಡಿ ಮುಟ್ಟಿದ್ದಷ್ಟೇ ಗೊತ್ತು. ಯಾರ ಮನೆ, ಏನಾಯ್ತು ಅನ್ನೋದು ನಮಗೆ ಕಾಣೋದಿಲ್ಲ. ಅದೂ ಇವರು ಮಾಡಿಸಿದ ನಿಯಮವೇ."

ಅಂಗಿಯನ್ನು ಬಿಟ್ಟು ಅವಳ ತಮ್ಮ ಎದ್ದ. "ಬೇಕಿತ್ತಾ ಭಾವನಿಗೆ ಈ ಉಸಾಬರಿ? ಊರವರಿಗೆಲ್ಲ ನ್ಯಾಯ ಹಂಚೋಕೆ ಹೋಗಿ ತನ್ನ ಕುತ್ತಿಗೆ ತಾನೇ ಕುಯ್ಕೊಂಡ್ರು!"

ಅಷ್ಟರಲ್ಲಿ ಶಾಸಕರು ಬಂದರು. ಸಮಿತಿಯಲ್ಲಿ ಗಣ್ಯರ ಸಾಲನ್ನು ಉಳಿಸಿಕೊಳ್ಳಲು ಕೊನೆಯವರೆಗೂ ಗುದ್ದಾಡಿದವರು ಇವರೇ. ದೇಹದ ಮೇಲೆ ಹೂವಿಟ್ಟು ಕೈಮುಗಿದರು. ಜೊತೆಗೆ ಬಂದಿದ್ದ ಕಾರ್ಯದರ್ಶಿ ಫೋನಿನ ಕ್ಯಾಮೆರಾ ತೆರೆದು ಒಂದು ಪಕ್ಕಕ್ಕೆ ನಿಂತ.

"ತಾಯೀ, ಎಂಥ ಅನ್ಯಾಯ! ನಾಳೆ ಸಭೆ ಇದೆ. ಆ ಸಾಲನ್ನ ವಾಪಸ್ ತರೋಣ ಅಂತ. ನೀವೊಂದು ಮಾತು ಹೇಳಿದ್ರೆ ಯಾರೂ ತುಟಿ ಬಿಚ್ಚೋದಿಲ್ಲ. ಅದು ಇದ್ದಿದ್ರೆ ನಿಮ್ಮ ಯಜಮಾನ್ರು ಬದುಕ್ತಿದ್ರು, ಅಷ್ಟೇ. ಬೇಕಾದ್ರೆ ಅದಕ್ಕೆ ಅವರ ಹೆಸರನ್ನೇ ಇಡೋಣ."

ಸತ್ತವನು ವರ್ಷಗಟ್ಟಲೆ ಜಗಳಾಡಿ ಮಾಡಿಸಿದ್ದು ಈಗ ಈ ಹೆಂಗಸಿನ ಒಂದು ಮಾತಿನ ಮೇಲೆ ನಿಂತಿತ್ತು.

"ಹೇಳಕ್ಕಾ," ಎಂದ ತಮ್ಮ. "ನಿಜ ತಾನೇ?"

ನಿಜವೇ. ಅದೇ ಅವಳ ಸಂಕಟ. ಸುಳ್ಳು ಹೇಳು ಎಂದಿದ್ದರೆ ಬೈದು ಕಳಿಸಬಹುದಿತ್ತು. ಗಂಡನ ಮೇಲೆ ಅವಳಿಗೆ ಎಂದೂ ಬಾರದಷ್ಟು ಸಿಟ್ಟು ಬಂತು. ಪಕ್ಕದ ಬೀದಿಯವನ ಚಿಂತೆ ಮಾಡಿದಿರಿ, ನನ್ನ ಚಿಂತೆ ಯಾರು ಮಾಡಬೇಕು ಎಂದು ಆ ಎದೆಗೆ ಗುದ್ದಿ ಕೇಳಬೇಕೆನ್ನಿಸಿತು.

"ಹೌದು," ಎಂದಳು. "ಆ ಸಾಲು ಇದ್ದಿದ್ರೆ ಇವರು ಬದುಕ್ತಿದ್ರೋ ಏನೋ."

ಕ್ಯಾಮೆರಾ ಹಿಡಿದವನು ಒಂದು ಹೆಜ್ಜೆ ಮುಂದೆ ಬಂದ.

"ಇದ್ದಿದ್ರೆ ನಾನೇ ಈ ಹುಡುಗನ ಕಾಲು ಹಿಡಿದು ಇವರನ್ನ ಅದರೊಳಗೆ ಹಾಕಿಸ್ತಿದ್ದೆ. ಆ ಇನ್ನೊಂದು ಮನೆಯವರು ಏನಾದ್ರು ಅಂತ ಕೇಳ್ತಾನೂ ಇರಲಿಲ್ಲ. ನನ್ನಂಥವರು ಇರ್ತಾರೆ ಅಂತಲೇ ತೆಗೆಸಿದ್ದು ಇವರು. ತರಬೇಡಿ ಅದನ್ನ. ಇಷ್ಟನ್ನೂ ಸೇರಿಸಿ ತೋರಿಸಿ ನಿಮ್ಮ ಸಭೆಯಲ್ಲಿ."

ಶಾಸಕರು ಕಣ್ಸನ್ನೆ ಮಾಡಿದರು. ಕಾರ್ಯದರ್ಶಿ ಫೋನನ್ನು ಜೇಬಿಗಿಳಿಸಿದ. ಮುಖ ತಿರುಗಿಸಿಕೊಂಡು ಅವಳ ತಮ್ಮ ಹೊರಗೆ ಹೋದ. ಅಂಗಿಯ ಇನ್ನೊಂದು ತೋಳನ್ನು ಮೇಲ್ವಿಚಾರಕ ಹಿಂದಿನಿಂದ ಕತ್ತರಿಸಿ ತೊಡಿಸಿದ.

ಶವದ ಗಾಡಿ ಹೊರಟಾಗ ಅವಳು ಹಿಂದೆ, ಗಂಡನ ಪಕ್ಕದಲ್ಲಿ ಕುಳಿತಳು. ಪೇಟೆಯ ಇಕ್ಕಟ್ಟಾದ ರಸ್ತೆಗೆ ಬಂದಾಗ ಹಿಂದಿನಿಂದ ಸೈರನ್ ಕೇಳಿಸಿತು. ಆಂಬುಲೆನ್ಸ್. ಚಾಲಕ ಕನ್ನಡಿ ನೋಡಿದ, ಹೆಣದ ಗಾಡಿಯನ್ನು ಬದಿಗೆ ತಳ್ಳುವುದು ಹೇಗೆಂದು ಅನುಮಾನಿಸಿದ. ಸೈರನ್ ಬಡಿದುಕೊಳ್ಳುತ್ತಲೇ ಇತ್ತು. ಒಂದು ಗಳಿಗೆ ಅವಳ ಮನಸ್ಸು ಹೇಳಿತು: ಕಾಯಲಿ. ನಾನು ಕಾಯಲಿಲ್ಲವೇ, ಅವರೂ ಕಾಯಲಿ.

ಆ ಯೋಚನೆಗೆ ಅವಳೇ ಬೆಚ್ಚಿಬಿದ್ದಳು. ಚಾಲಕನ ಹಿಂದಿನ ಗಾಜನ್ನು ಬಡಬಡ ಬಡಿದಳು.

"ಪಕ್ಕಕ್ಕೆ ಹಾಕಪ್ಪಾ! ದಾರಿ ಬಿಡು!"

ಗಾಡಿಯ ಎರಡು ಚಕ್ರ ಫುಟ್‌ಪಾತ್ ಹತ್ತಿದವು. ಇಡೀ ಗಾಡಿ ಒಂದು ಬದಿಗೆ ವಾಲಿತು. ಗಂಡ ಜಾರಿಹೋಗದಂತೆ ಅವಳು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡಳು. ಸೈರನ್ ಪಕ್ಕದಲ್ಲೇ ಹಾದು ಮುಂದೆ ಹೋಯಿತು.