ಏಳನೆಯ ಹಣ್ಣು

ಆರೇ ಇದ್ದವು. ನಿಂಗಮ್ಮ ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ಟೊಮ್ಯಾಟೊ ಗಿಡಗಳ ಬುಡವನ್ನೆಲ್ಲ ಮತ್ತೊಮ್ಮೆ ನೋಡಿದಳು. ನಿನ್ನೆ ಸಂಜೆ ಏಳು ಹಣ್ಣು ಸೀಳಿ, ಒಳಗೆ ಇಲಿಪಾಷಾಣದ ಕಪ್ಪು ಪುಡಿ ತುಂಬಿ, ಅಮುಕಿ ಇಟ್ಟಿದ್ದಳು. ಹೆಗ್ಗಣ ತಿಂದಿದ್ದರೆ ಸಿಪ್ಪೆಯಾದರೂ ಬಿದ್ದಿರಬೇಕಿತ್ತು. ಬಿಲದ ಬಾಯಲ್ಲಿ ಅವಳೇ ಉದುರಿಸಿದ್ದ ಬೂದಿಯ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

ಗುಬ್ಬಿಯ ಆ ಬೀದಿಯಲ್ಲಿ ಹಿತ್ತಲು ಅಂತ ಇದ್ದದ್ದು ಅವಳಿಗೂ ಪಕ್ಕದ ಖಮರುನ್ನೀಸಾಗೂ ಮಾತ್ರ. ನಡುವೆ ಒಂದು ಬೇಲಿ, ಬೇಲಿಯಲ್ಲಿ ಓಡಾಡಲು ದಾರಿ. ನಲವತ್ತು ಗಿಡ ಹಾಕಿದ ಆ ತೊಂಬತ್ತೇಳರ ಬೇಸಿಗೆಯಲ್ಲಿ ನಿಂಗಮ್ಮ ಮಾಡದ ಉಪಾಯವಿರಲಿಲ್ಲ. ಎಲೆ ಮುದುರಿದಾಗ ಬೇವಿನಬೀಜ ಅರೆದು ಸೋಸಿ ಚಿಮುಕಿಸಿದ್ದಳು. ಕಾಯಿ ಕೊರೆಯುವ ಹುಳುಗಳನ್ನು ಕೈಯಲ್ಲೇ ಹೆಕ್ಕಿ ಸೋಪಿನ ನೀರಿಗೆ ಹಾಕಿದ್ದಳು. ಕೋತಿಗಳ ಕಾಟಕ್ಕೆ ಹಳೆಯ ಮೀನುಬಲೆ ಹೊದಿಸಿದ್ದಳು. ಹೆಗ್ಗಣ ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಒಂದನ್ನೂ ಪೂರ್ತಿ ತಿನ್ನದೆ, ಕೆಂಪಾದ ಪ್ರತಿ ಹಣ್ಣಿಗೂ ಬಾಯಿ ಹಾಕಿ ಹೋಗುತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ಒಮ್ಮೆ ಪಾಷಾಣ ಇಟ್ಟಾಗ ಖಮರುನ್ನೀಸಾಳ ಎರಡು ಕೋಳಿ ಸತ್ತಿದ್ದವು. "ಇನ್ಮೇಲೆ ಅದುನ್ನ ಮುಟ್ಟಲ್ಲ ಕಣಕ್ಕ," ಎಂದು ಅವಳ ಕೈ ಹಿಡಿದು ಮಾತು ಕೊಟ್ಟಿದ್ದಳು. ಆಮೇಲೂ ಯಾರಿಗೂ ಹೇಳದೆ, ಕತ್ತಲಾಗುವಾಗ ಇಟ್ಟು ಬೆಳಕು ಹರಿಯುವ ಮೊದಲೇ ಎತ್ತಿಡುವುದನ್ನು ರೂಢಿ ಮಾಡಿಕೊಂಡಿದ್ದಳು. ಇವತ್ತು ಗಂಡ ಹೊನ್ನಯ್ಯ ಬೆಳಗಿನ ಬಸ್ಸಿಗೆ ತುಮಕೂರಿಗೆ ಹೊರಟಿದ್ದ. ಅವನಿಗೆ ಬುತ್ತಿ ಕಟ್ಟಿ ಕಳಿಸಿ ಹಿತ್ತಲಿಗೆ ಬರುವಷ್ಟರಲ್ಲಿ ಏಳು ಗಂಟೆಯಾಗಿಬಿಟ್ಟಿತ್ತು.

ಹೋಗಿ ಖಮರುನ್ನೀಸಾಳನ್ನು ಕೇಳಬಹುದಿತ್ತು. ಬೇಲಿ ದಾಟಿದರೆ ಹತ್ತು ಹೆಜ್ಜೆ. ಆದರೆ ಏನಂತ ಕೇಳುವುದು? ಉಳಿದ ಆರನ್ನು ಗುಂಡಿ ತೋಡಿ ಹೂತಳು. ಕೈಯನ್ನು ಮತ್ತೆ ಮತ್ತೆ ತೊಳೆದಳು. ಅಳಿಲು ಒಯ್ದಿರಬೇಕು ಅಂದುಕೊಂಡಳು. ಪಾತ್ರೆ ಬೆಳಗುತ್ತಲೇ ಬೇಲಿಯಾಚೆ ಕಣ್ಣಿಟ್ಟಳು. ಖಮರುನ್ನೀಸಾಳ ಕೋಳಿಗಳೆಲ್ಲ ತಿಪ್ಪೆ ಕೆದಕುತ್ತಿದ್ದವು, ಒಂದೂ ಕಡಿಮೆಯಾಗಿರಲಿಲ್ಲ. ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಒಂಬತ್ತರ ಹೊತ್ತಿಗೆ ಆ ಮನೆಯೊಳಗೆ ಯಾರೋ ನಕ್ಕರು. ಎಳೆಯ ದನಿ. ಖಮರುನ್ನೀಸಾಳ ಮಗಳು ಆಸ್ಮಾ. ತುಂಬು ಬಸುರಿ, ಹೆರಿಗೆಗೆಂದು ನಿನ್ನೆ ಹೊತ್ತು ಮುಳುಗಿದ ಮೇಲೆ ಬಂದಿರಬೇಕು. ಬಸುರಿ ಬಾಯಿಗೆ ಹುಳಿ ಬೇಕು. ನಿಂಗಮ್ಮ ತಂಬಿಗೆ ಬಿಟ್ಟು ಬೇಲಿಯ ಕಡೆ ಓಡಿದಳು.

ಅವಳು ನುಗ್ಗಿದಾಗ ಅಡುಗೆಮನೆಯಲ್ಲಿ ಬೆಳ್ಳುಳ್ಳಿಯ ವಾಸನೆ ತುಂಬಿತ್ತು. ಪಾಷಾಣದ್ದೂ ಅದೇ ವಾಸನೆ. ಆಸ್ಮಾಳ ತಟ್ಟೆಯಲ್ಲಿ ಅರ್ಧ ದೋಸೆ, ಕೆಂಪು ಚಟ್ನಿ.

"ಬಾ ನಿಂಗಮ್ಮ," ಎಂದಳು ಖಮರುನ್ನೀಸಾ, ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ. "ಮಗಳು ಹುಳಿ ಬೇಕು ಅಂದ್ಲು. ನೀನು ಒಲೆ ಮುಂದಿದ್ದೆ, ಯಾಕ್ ಕೂಗೋದು ಅಂತ ನಾನೇ ನಾಕು ಕಿತ್ಕೊಂಡೆ. ಒಂದು ಕೆಳಗ್ ಬಿದ್ದು ಒಡ್ದಿತ್ತು. ಒಳಗೆಲ್ಲ ಮಣ್ಣು. ಚೆನ್ನಾಗಿ ತೊಳ್ದು ಅದುನ್ನೂ ಹಾಕ್ದೆ."

ನಿಂಗಮ್ಮ ತಟ್ಟೆ ಕಿತ್ತುಕೊಂಡಳು. "ಉಗಿಯವ್ವ, ಬಾಯಲ್ಲಿರೋದು ಉಗಿ. ಎಷ್ಟ್ ತಿಂದೆ?"

"ಮೂರು ದೋಸೆ." ಆಸ್ಮಾಳ ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ. "ಯಾಕಾಂಟಿ?"

"ಪಾಷಾಣ ಇಟ್ಟಿದ್ದೆ, ಖಮರಕ್ಕ. ಹೆಗ್ಗಣಕ್ಕೆ."

ಆಟೋದಲ್ಲೇ ಆಸ್ಮಾ ವಾಂತಿ ಮಾಡಿಕೊಂಡಳು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಇಳಿಸಿ ಹೊಟ್ಟೆ ತೊಳೆದರು. "ಹಣ್ಣು ತೊಳ್ದು ಹಾಕಿದ್ದು ಒಳ್ಳೇದಾಯ್ತು," ಎಂದರು ಡಾಕ್ಟರು. "ತಾಯಿದು ಪರವಾಗಿಲ್ಲ ಅನ್ಸುತ್ತೆ. ಮಗೂದು ಈಗ್ಲೇ ಹೇಳಕ್ಕಾಗಲ್ಲ."

ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಖಮರುನ್ನೀಸಾ ಅಳಲಿಲ್ಲ, ಬೈಯಲಿಲ್ಲ. ಇಷ್ಟೇ ಕೇಳಿದಳು:

"ಹಣ್ಣು ಇಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

ಗೊತ್ತಾದ್ ತಕ್ಷಣ ಓಡಿ ಬಂದೆ ಅನ್ನಬಹುದಿತ್ತು. ಅಲ್ಲ ಅನ್ನುವವರು ಯಾರೂ ಇರಲಿಲ್ಲ.

"ಏಳ್ ಗಂಟೆಗೆ," ಎಂದಳು ನಿಂಗಮ್ಮ.

ಖಮರುನ್ನೀಸಾ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು. "ಆಸ್ಮಾ ತಿಂಡಿಗೆ ಕೂತಿದ್ದು ಎಂಟೂವರೆಗೆ," ಎಂದಳು.

ಮಧ್ಯಾಹ್ನ ಸಿಸ್ಟರ್ ಬಂದಳು. ಖಮರುನ್ನೀಸಾ ಅವಳ ಹಿಂದೆಯೇ ಒಳಗೆ ಹೋದಳು. ನಿಂಗಮ್ಮ ಬಾಗಿಲವರೆಗೆ ಹೋಗಿ ನಿಂತಳು. ಆಸ್ಮಾಳ ಮಂಚ ಬಾಗಿಲ ಪಕ್ಕದಲ್ಲೇ ಇತ್ತು. ಸಿಸ್ಟರ್ ಮಗುವಿನ ಎದೆಬಡಿತ ಕೇಳುವ ಒಂದು ಚಿಕ್ಕ ಕೊಳವೆಯನ್ನು ಅವಳ ಹೊಟ್ಟೆಯ ಮೇಲಿಟ್ಟು ಕಿವಿ ಹಚ್ಚಿದಳು. ಕೊಳವೆ ಜರುಗಿಸಿದಳು. ಮತ್ತೆ ಜರುಗಿಸಿದಳು. ಸದ್ದು ಮಾಡಬೇಡಿ ಎಂದು ಕೈಯೆತ್ತಿದಳು. ಪಕ್ಕದ ಮಂಚಗಳವರೂ ಮಾತು ನಿಲ್ಲಿಸಿದರು.

ಎತ್ತಿದ ಆ ಕೈ ನಿಧಾನವಾಗಿ ಇಳಿದು ಮಂಚದ ಕಂಬಿಯ ಮೇಲೆ ಕೂತಿತು. ಕಿವಿಗೆ ಬಿದ್ದ ಬಡಿತದ ತಾಳಕ್ಕೆ ಒಂದು ಬೆರಳು ಕಬ್ಬಿಣವನ್ನು ಬಡಿಯತೊಡಗಿತು, ಬೇಗ ಬೇಗ, ನಡುವೆ ಒಮ್ಮೊಮ್ಮೆ ತಡವರಿಸುತ್ತ. ಖಮರುನ್ನೀಸಾ ಆ ಬೆರಳಿನಿಂದ ಕಣ್ಣು ಕೀಳಲಿಲ್ಲ. ಹಿಂದೆ ತಿರುಗದೆಯೇ ಕೈ ಚಾಚಿ, ನಿಂಗಮ್ಮನ ಮುಖದ ಮುಂದೆ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.