ಮೂರನೆಯ ಸಲ ಹೇಳಿದ್ದು

ಎರಡನೆಯ ಸಲವೂ ಲ್ಯಾಪ್‌ಟಾಪಿನ ಪರದೆ ಕಪ್ಪಾದದ್ದು, ಕಟಕಟೆಯಲ್ಲಿ ನಿಂತಿದ್ದ ಕಾವಲುಗಾರ ಮಾತು ನಿಲ್ಲಿಸಿ ನೆಲ ನೋಡತೊಡಗಿದ ಹೊತ್ತಿಗೇ.

ಅವನ ಹೇಳಿಕೆಯನ್ನು ಬರೆದುಕೊಳ್ಳುತ್ತಿದ್ದ ಟೈಪಕ್ಕ ಒಂದೆರಡು ಗುಂಡಿ ಒತ್ತಿ ನೋಡಿದಳು. ಜೀವವಿರಲಿಲ್ಲ. ಪರದೆಯಲ್ಲಿ ಕಂಡದ್ದು ಅವಳದೇ ಮುಖ, ಅದರ ಹಿಂದೆ ಉದ್ದನೆಯ ಕಿಟಕಿ.

"ಮೇಡಂ..." ಎಂದಳು. "ಮತ್ತೆ ಆರಿಹೋಯ್ತು."

ನ್ಯಾಯಾಧೀಶೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೆಳಗ್ಗೆಯಿಂದ ಎರಡನೇ ಸಲ ಅಲ್ವೇನ್ರೀ ಇದು?"

"ಹೌದು ಮೇಡಂ. ಮೊದಲನೇ ಸಲದ್ದು ಪೂರ್ತಿ ಹೋಯ್ತು. ಈ ಸಲ ಸಾಲು ಸಾಲಿಗೂ ಉಳಿಸ್ತಾ ಬಂದಿದೀನಿ. ಕೊನೇ ಮಾತಿನವರೆಗೂ ಇರುತ್ತೆ."

ಕಾರ್ಖಾನೆಯ ಮಾಲೀಕರ ಪರ ವಕೀಲ ಆಗಲೇ ಎದ್ದು ನಿಂತಿದ್ದ. ಅವನು ದನಿ ಎತ್ತುವವನಲ್ಲ. ಬಾಳೆಹಣ್ಣಿನಲ್ಲಿ ಸೂಜಿ ಚುಚ್ಚಿದಂತೆ ಮಾತಾಡುವವನು. "ಕ್ಷಮಿಸಬೇಕು ಮೇಡಂ. ಅರ್ಧಕ್ಕೆ ನಿಂತ ಹೇಳಿಕೆಗೆ ಆಮೇಲೆ ಬಾಲ ಅಂಟಿಸೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಎರಡು ಸಲವೂ ಯಂತ್ರ ನಿಂತಿದ್ದು ಒಂದೇ ಜಾಗದಲ್ಲಿ. ನಡುವೆ ಸಾಕ್ಷಿ ಹೊರಗೆ ಹೋಗಿ ಬರ್ತಾರೆ. ಯಾರು ಏನು ಕಿವೀಲಿ ಊದಿ ಕಳಿಸ್ತಾರೋ ನಮಗೇನು ಗೊತ್ತು? ಹೇಳೋದಾದ್ರೆ ಮೊದಲಿಂದ ಹೇಳಲಿ, ಒಂದೇ ಉಸಿರಿಗೆ ಮುಗಿಸಲಿ."

ನ್ಯಾಯಾಧೀಶೆ ಗೋಡೆ ಗಡಿಯಾರ ನೋಡಿದರು. "ಎರಡು ಗಂಟೆವರೆಗೆ ಸಮಯ ಕೊಡ್ತೀನಿ. ಯಂತ್ರ ಸರಿಹೋದ್ರೆ ಸರಿ. ಇಲ್ಲ ಅಂದ್ರೆ ಮುಂದಿನ ತಿಂಗಳಿಗೆ."

ಮುಂದಿನ ತಿಂಗಳು ಎಂಬ ಮಾತಿಗೆ ಕಾವಲುಗಾರ ತಲೆಯೆತ್ತಿದ. "ಅಮ್ಮಾ, ನಂಗೆ ಇನ್ನೊಂದ್ಸಲ ಬರಕ್ಕಾಗಲ್ಲ," ಎಂದ. ಎಷ್ಟು ಮೆಲ್ಲಗೆಂದರೆ, ಹತ್ತಿರದಲ್ಲೇ ಕೂತಿದ್ದ ಟೈಪಕ್ಕನಿಗೆ ಮಾತ್ರ ಕೇಳಿಸಿತು.

ಎಂಟು ತಿಂಗಳ ಹಿಂದೆ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಹಿಂದಿನ ಬಾಗಿಲ ಬಳಿ ಐವರು ಹೆಂಗಸರು ಸತ್ತರು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಹಾಕಿಸಿದ್ದು ಯಾರು, ತೆಗೆಯಲಿಲ್ಲವೇಕೆ ಎಂಬುದನ್ನು ಹೇಳಬಲ್ಲವನು ಆ ಬಾಗಿಲನ್ನು ಹತ್ತೊಂಬತ್ತು ವರ್ಷ ಕಾದ ಈ ಮನುಷ್ಯನೊಬ್ಬನೇ. ಹಿಂದೆ ಎರಡು ಬಾರಿ ಕರೆ ಹೋದಾಗ ಜ್ವರವೆಂದು ತಪ್ಪಿಸಿಕೊಂಡಿದ್ದ. ಅವನ ಅಳಿಯ ಇನ್ನೂ ಅದೇ ಮಾಲೀಕರ ಕೈಕೆಳಗೆ ದುಡಿಯುತ್ತಿದ್ದ. ಕಾರ್ಖಾನೆಯವರೆಲ್ಲ ಚಿಕ್ಕ ಸಾಹುಕಾರ್ರು ಎನ್ನುವ ಮಾಲೀಕರ ತಮ್ಮ ಬೆಳಗಿನಿಂದ ಕೊನೆಯ ಬೆಂಚಿನಲ್ಲಿ ಕೂತು, ಏನೂ ಮಾತಾಡದೆ, ಕಾವಲುಗಾರನ ಬೆನ್ನನ್ನೇ ನೋಡುತ್ತಿದ್ದ.

ಕೋಣೆ ಖಾಲಿಯಾಯಿತು. ಟೈಪಕ್ಕ ಏಳಲಿಲ್ಲ.

ಮೂವತ್ತೊಂದು ವರ್ಷ ಇದೇ ಮೂಲೆಯ ಮೇಜು ಅವಳದು. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಕಚೇರಿಯಲ್ಲಿ ಎಲ್ಲೂ ಬಳಕೆಯಲ್ಲಿರಲಿಲ್ಲ. ಹತ್ತು ದಿನದ ಹಿಂದೆ ಹಳೆಯ ಕಂಪ್ಯೂಟರುಗಳನ್ನೆಲ್ಲ ಕೈಗಾಡಿಯಲ್ಲಿ ಹೇರಿಕೊಂಡು ಹೋದವರು, ತಟ್ಟೆಯಷ್ಟು ತೆಳ್ಳಗಿನ ಈ ಲ್ಯಾಪ್‌ಟಾಪನ್ನು ಕೊಟ್ಟು ಸಹಿ ಹಾಕಿಸಿಕೊಂಡಿದ್ದರು. ಮರುದಿನದಿಂದಲೇ ಇದರ ಚಾಳಿ ಶುರು. ನಡೆಯುತ್ತಾ ನಡೆಯುತ್ತಾ ಫಕ್ಕನೆ ಆರುವುದು. ಅವಳು ಚಾರ್ಜರ್ ಬದಲಾಯಿಸಿದಳು. ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿದಳು. ಬಿಸಿಯಾಗುತ್ತದೇನೋ ಎಂದು ಅಡಿಗೆ ಎರಡು ದಪ್ಪ ಪುಸ್ತಕ ಕೊಟ್ಟು ಗಾಳಿಯಾಡಿಸಿದಳು. "ಹೊಸ ಸೊಸೆ ಇದ್ದಂಗೆ ಅಕ್ಕ, ಮನೆಗೆ ಹೊಂದಿಕೊಳ್ಳೋಕೆ ನಾಕು ದಿನ ಬೇಕು," ಎಂದು ಗುಮಾಸ್ತ ನಕ್ಕಿದ್ದ.

ಕಚೇರಿಯ ಯಂತ್ರಗಳನ್ನೆಲ್ಲ ರಿಪೇರಿ ಮಾಡುವವನನ್ನು ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಯಾವ ಯಂತ್ರದ ಬಳಿ ಹೋದರೂ ಮೊದಲು ಅದರ ಮೇಲೆ ಅಂಗೈ ಇಟ್ಟು ಜ್ವರ ನೋಡುವುದು ಅವನ ಅಭ್ಯಾಸ. ಹೊಟ್ಟೆ ಮುಂದೆ, ತಾನು ಹಿಂದೆ ಎಂಬಂತೆ ನಡೆದು ಬಂದು, ಇವತ್ತೂ ಕೈ ಇಟ್ಟ.

"ಮೈ ತಣ್ಣಗಿದೆಯಲ್ಲಕ್ಕ."

"ಆ ತಮಾಷೆ ಬೇಡ ಮಾರಾಯ. ಎರಡು ಗಂಟೆಗೆ ಇದು ನಡೀಬೇಕು."

ಅವಳ ಮುಖ ನೋಡಿ ಅವನು ಕೆಲಸಕ್ಕಿಳಿದ. ತಳದ ತಿರುಪು ಬಿಚ್ಚಿ ಬ್ಯಾಟರಿ ಒತ್ತಿ ನೋಡಿದ. ಗಟ್ಟಿಯಾಗಿ ಕೂತಿತ್ತು. ಮುಚ್ಚಿ, ಚಾಲೂ ಮಾಡಿ, ಒಂದರ ಮೇಲೊಂದು ಕೆಲಸ ಹೇರಿದ. ಒಳಗಿನ ಫ್ಯಾನು ಗುಂಯ್‌ಗುಟ್ಟಿತು. ಇಪ್ಪತ್ತು ನಿಮಿಷ ಎರಡೇ ಬೆರಳಲ್ಲಿ ಟಪಟಪ ಕುಟ್ಟಿದ. ಲ್ಯಾಪ್‌ಟಾಪು ಸಾಧು ಹಸುವಿನಂತೆ ಎಲ್ಲವನ್ನೂ ಸಹಿಸಿಕೊಂಡಿತು.

"ಇದಕ್ಕೇನೂ ಆಗಿಲ್ಲಕ್ಕ. ನಿಮ್ಮ ಕೈಗುಣ ಇರ್ಬೇಕು."

"ಏಳು ಮೇಲೆ," ಎಂದಳು ಟೈಪಕ್ಕ.

ಕೂತು, ಬೆಳಗಿನಿಂದ ಎರಡು ಸಲ ಕೇಳಿದ್ದನ್ನೇ ಟೈಪು ಮಾಡತೊಡಗಿದಳು. ಅದು ಬಾಯಿಪಾಠವಾಗಿಹೋಗಿತ್ತು. 'ಹೊಗೆ ಕಂಡ ಕೂಡಲೇ ಹಿಂಬಾಗಿಲ ಬಳಿ ಹೋದೆನು. ಒಳಗೆ ಕೂಗು ಕೇಳಿಸಿತು. ಆಫೀಸಿಗೆ ಫೋನ್ ಮಾಡಿದೆನು.' ಎರಡು ಸಲವೂ ಕಾವಲುಗಾರ ಇಲ್ಲಿಗೇ ನಿಲ್ಲಿಸಿದ್ದ. ಅವಳೂ ನಿಲ್ಲಿಸಿದಳು. ಎಡಗೈಯ ಮಣಿಕಟ್ಟು ಎಂದಿನಂತೆ ನೋವಿನಿಂದ ಮಿಡಿಯುತ್ತಿತ್ತು. ಅದನ್ನು ಮೆಲ್ಲಗೆ ಲ್ಯಾಪ್‌ಟಾಪಿನ ಎಡಮೂಲೆಯ ಮೇಲೆ ಊರಿದಳು.

ಪರದೆ ಆರಿತು.

ಡಾಕ್ಟರ್ ಅವಳನ್ನು ಪಕ್ಕಕ್ಕೆ ಸರಿಸಿ, ಮತ್ತೆ ಚಾಲೂ ಮಾಡಿ, ಯಾವುದೋ ಉದ್ದನೆಯ ಪಟ್ಟಿ ತೆಗೆದು ಮೂಗು ತಾಗುವಷ್ಟು ಹತ್ತಿರದಿಂದ ಓದಿದ. "ಇದು ಕೆಟ್ಟು ನಿಂತಿಲ್ಲಕ್ಕ. ಮುಚ್ಚಳ ಮುಚ್ಚಿದ್ರು ಅಂತ ತಾನಾಗೇ ನಿಂತಿದೆ. ಮುಚ್ಚಿದ್ರೆ ಪೂರ್ತಿ ಆರಬೇಕು ಅಂತಾನೇ ಇದನ್ನ ಹೊಂದಿಸಿ ಕಳ್ಸಿದಾರೆ. ಆದ್ರೆ..."

"ಮುಚ್ಚಳ ತೆಗೆದೇ ಇತ್ತಲ್ಲ?"

"ಅದೇ ನನಗೂ ತಿಳೀತಿಲ್ಲ. ಮುಚ್ಚಳದ ಅಂಚಲ್ಲಿ ಅಯಸ್ಕಾಂತದ ಒಂದು ಚೂರು ಇರುತ್ತೆ. ಅದು ಈ ಎಡಮೂಲೆಗೆ ತಾಗಿದ್ರೆ ಮುಚ್ಚಿದ್ರು ಅಂದ್ಕೊಳ್ಳುತ್ತೆ. ಆದ್ರೆ ಈ ಮೇಜಿನ ಮೇಲೆ ಅಯಸ್ಕಾಂತ ಎಲ್ಲಿಂದ ಬರ್ಬೇಕು?" ಅವನು ಬಗ್ಗಿ ಮೇಜಿನ ಕೆಳಗೆ ನೋಡಿದ, ಡ್ರಾಯರು ಎಳೆದು ನೋಡಿದ.

ಟೈಪಕ್ಕ ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು. "ನೀನು ಊಟ ಮಾಡ್ಕೊಂಡು ಬಾ," ಎಂದಳು.

ಅವನು ಹೋದ ಮೇಲೆ ರವಿಕೆಯ ಉದ್ದ ತೋಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನಲ್ಲಿ ಬೂದುಬಣ್ಣದ ಅಗಲ ಬಳೆ. ನೋವು ಎಳೆಯುತ್ತದಂತೆ, ಅಯಸ್ಕಾಂತದ್ದು. ಹದಿನೈದು ದಿನದ ಹಿಂದೆ ಸೊಸೆ ಅಡುಗೆಮನೆ ಕಟ್ಟೆಯ ಮೇಲಿಟ್ಟು, "ಹಾಕ್ಕೊಳ್ಳಿ ಅತ್ತೆ," ಎಂದಷ್ಟೇ ಹೇಳಿ ಹೋಗಿದ್ದಳು. ಪಾತ್ರೆ ಎತ್ತುವಾಗ ಅತ್ತೆಯ ಮುಖ ಹಿಂಡುವುದನ್ನು ಅವಳೊಬ್ಬಳೇ ಗಮನಿಸಿದ್ದಳು. ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬಾರದಿತ್ತು. ಹೋದ ವರ್ಷ ಪಕ್ಕದ ಕೋಣೆಯ ಟೈಪಿಸ್ಟ್ ಕೈನೋವೆಂದು ಅರ್ಜಿ ಕೊಟ್ಟಿದ್ದಕ್ಕೆ, ವಾರದೊಳಗೆ ಅವಳನ್ನು ನೆಲಮಾಳಿಗೆಯ ಕಡತಗಳ ಧೂಳಿಗೆ ಕಳಿಸಿದ್ದರು.

ಗುಂಡುಪಿನ್ನಿನ ಡಬ್ಬಿಯ ಮೇಲೆ ಕೈ ಹಿಡಿದಳು. ನಾಲ್ಕು ಪಿನ್ನು ಚಂಗನೆ ನೆಗೆದು ಬಳೆಗೆ ಅಂಟಿದವು. ಒಂದೊಂದನ್ನೇ ಕಿತ್ತು, ಬಳೆ ಬಿಚ್ಚಿ, ಕೈಚೀಲದ ತಳಕ್ಕೆ ತುರುಕಿದಳು. ಸರಿ, ಮುಗಿಯಿತಲ್ಲ. ಯಂತ್ರ ಇನ್ನು ನಿಲ್ಲುವುದಿಲ್ಲ. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಎರಡು ಗಂಟೆಗೆ ನ್ಯಾಯಾಧೀಶೆ ಬಂದು ಕೂತರು. "ಸರಿಹೋಯ್ತೇನ್ರೀ?"

"ಹೌದು ಮೇಡಂ."

"ಏನಾಗಿತ್ತಂತೆ?" ಕೇಳಿದ್ದು ವಕೀಲ. ನಗುನಗುತ್ತಲೇ ಕೇಳಿದ. "ರಿಪೇರಿಯವರು ಇಲ್ಲೇ ಇದ್ದಾರಲ್ಲ, ಹೇಳಲಿ."

ಡಾಕ್ಟರ್ ಸುಳ್ಳು ಹೇಳುವವನಲ್ಲ. ಎರಡೂ ಕೈಯನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು, "ಕಾರಣ ಸಿಕ್ಕಿಲ್ಲ ಮೇಡಂ. ಮತ್ತೆ ಆಗಲ್ಲ ಅಂತ ನಾನು ಹೇಳೋ ಹಾಗಿಲ್ಲ," ಎಂದ.

"ಕಾರಣವೇ ಗೊತ್ತಿಲ್ಲದ ಮೇಲೆ ಸರಿಹೋಯ್ತು ಅನ್ನೋದಕ್ಕೆ ಅರ್ಥವೇನು ಮೇಡಂ? ಮೂರನೇ ಸಲವೂ ಹೀಗೇ ಆದ್ರೆ ಇಡೀ ಹೇಳಿಕೆಯ ಮೇಲೆ ಅನುಮಾನ ಬರುತ್ತೆ. ಸಾಕ್ಷಿಯ ಹಿತಕ್ಕೇ ಹೇಳ್ತಿದೀನಿ."

ನ್ಯಾಯಾಧೀಶೆ ಪೆನ್ನು ಕೈಗೆತ್ತಿಕೊಂಡು ದಿನಚರಿಯ ಹಾಳೆ ತಿರುಗಿಸತೊಡಗಿದರು. ಕೊನೆಯ ಬೆಂಚಿನಲ್ಲಿ ಮಾಲೀಕರ ತಮ್ಮ ಅಂಗಿ ಸರಿಮಾಡಿಕೊಂಡು ಎದ್ದ. ಟೈಪಕ್ಕ ಕಾವಲುಗಾರನತ್ತ ನೋಡಿದಳು. ಅವನ ಮುಖದಲ್ಲಿ ಕೋಪವೂ ಇರಲಿಲ್ಲ, ನಿರಾಶೆಯೂ ಇರಲಿಲ್ಲ. ಕಟಕಟೆಯನ್ನು ಬಿಗಿಹಿಡಿದಿದ್ದ ಅವನ ಬೆರಳುಗಳು ಸಡಿಲವಾಗಿದ್ದವು. ಹೊರೆ ಇಳಿಸಿದವನಂತೆ ಅವನು ಉಸಿರು ಬಿಟ್ಟ. ಅದನ್ನು ನೋಡಿ ಅವಳಿಗೆ ತಿಳಿಯಿತು: ಇವನು ಈಗ ಮೆಟ್ಟಿಲಿಳಿದರೆ ಮತ್ತೆ ಹತ್ತುವುದಿಲ್ಲ.

"ಕಾರಣ ನನಗೆ ಗೊತ್ತು ಮೇಡಂ," ಎಂದು ಎದ್ದು ನಿಂತಳು.

ಕೈಚೀಲದಿಂದ ಬಳೆ ತೆಗೆದಳು. ಎಲ್ಲರೂ ನೋಡುತ್ತಿದ್ದಂತೆ ಲ್ಯಾಪ್‌ಟಾಪಿನ ಎಡಮೂಲೆಯ ಮೇಲೆ ಇಟ್ಟಳು. ಪರದೆ ಕಪ್ಪಾಯಿತು. ಬಳೆ ಎತ್ತಿ ಡಾಕ್ಟರನ ಕೈಗೆ ಕೊಟ್ಟು, ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿದಳು. "ಥೂ, ನನ್ನ ತಲೆಗೆ ಹೊಳೀಲೇ ಇಲ್ವಲ್ಲ," ಎಂದು ಡಾಕ್ಟರ್ ಗೊಣಗಿದ. ಯಾರೋ ಕಿಸಕ್ಕೆಂದರು.

"ಅಯಸ್ಕಾಂತದ ಬಳೆ ಮೇಡಂ. ಕೈನೋವಿಗೆ ಅಂತ ಹಾಕ್ಕೊಂಡಿದ್ದೆ. ನೋವು ಜಾಸ್ತಿ ಆದಾಗ ಕೈನ ಅಲ್ಲೇ ಊರ್ತೀನಿ. ಅವರು ಮಾತು ನಿಲ್ಲಿಸಿದಾಗ ನಂಗೂ ಬಿಡುವು ಸಿಕ್ತಿತ್ತು, ಆಗ ಊರ್ತಿದ್ದೆ. ಎರಡು ಸಲವೂ ಅದೇ ಜಾಗದಲ್ಲಿ ಆಗಿದ್ದು ಅದಕ್ಕೇ. ಅವರದೇನೂ ಇಲ್ಲ ಇದರಲ್ಲಿ."

"ಕೈನೋವು ಎಷ್ಟು ದಿನದಿಂದ?" ನ್ಯಾಯಾಧೀಶೆಯ ದನಿ ಬಿಗಿಯಾಗಿತ್ತು.

"ಎರಡು ವರ್ಷ ಆಯ್ತು ಮೇಡಂ."

"ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ಈ ಕುರ್ಚಿ ಹೋಗ್ತಿತ್ತು. ಅದಕ್ಕೇ ಬಚ್ಚಿಟ್ಟೆ." ಎಂದಳು. "ಮಧ್ಯಾಹ್ನವೇ ಗೊತ್ತಾಯ್ತು. ಆಗಲೂ ಬಚ್ಚಿಟ್ಟೆ. ತಪ್ಪು ನನ್ನದು."

ವಕೀಲ ಏನೋ ಹೇಳಲು ಬಾಯಿ ತೆರೆದ. ನ್ಯಾಯಾಧೀಶೆ ಕೈಯೆತ್ತಿ ತಡೆದರು. "ಇದರ ಬಗ್ಗೆ ನಾಳೆ ನೀವು ಬರವಣಿಗೇಲಿ ವಿವರಣೆ ಕೊಡ್ಬೇಕು. ಮುಂದೇನು ಅನ್ನೋದು ಆಮೇಲೆ ನೋಡೋಣ. ಈಗ ಬಳೆ ಇಲ್ದೇ ಟೈಪ್ ಮಾಡೋಕೆ ಆಗುತ್ತಾ?"

"ಮಾಡ್ತೀನಿ ಮೇಡಂ."

"ಸಾಕ್ಷಿ ಮೊದಲಿಂದ ಹೇಳಲಿ."

ಕಾವಲುಗಾರ ಟೈಪಕ್ಕನನ್ನೇ ನೋಡುತ್ತಿದ್ದ. ಬೆಳಗಿನಿಂದ ಅವನು ಈ ಕೋಣೆಯಲ್ಲಿ ಯಾರ ಮುಖವನ್ನೂ ದಿಟ್ಟಿಸಿ ನೋಡಿರಲಿಲ್ಲ. ಮಾಲೀಕರ ತಮ್ಮ ಒಮ್ಮೆ ಕೆಮ್ಮಿದ. ಆ ಕೆಮ್ಮಿಗೆ ಕಾವಲುಗಾರನ ಹೆಗಲು ಕುಗ್ಗಿತು. ಆಮೇಲೆ ಶುರುಮಾಡಿದ. ಹೊಗೆ, ಹಿಂಬಾಗಿಲು, ಕೂಗು, ಈ ಸಲ ಬಾಗಿಲ ಬಡಿತವೂ. ಟೈಪಕ್ಕನ ಬೆರಳುಗಳು ಅವನ ಹಿಂದೆಯೇ ಓಡಿದವು. ಮಣಿಕಟ್ಟಿನಿಂದ ಮೊಣಕೈವರೆಗೆ ಕಾದ ತಂತಿ ಎಳೆದಂತಿತ್ತು.

"ಆಫೀಸಿಗೆ ಫೋನ್ ಮಾಡ್ದೆ," ಎಂದು ಅವನು ನಿಲ್ಲಿಸಿದ.

ಅದೇ ಜಾಗ. ಅವಳು ಕೈ ಇಳಿಸಲಿಲ್ಲ. ಬೆರಳುಗಳನ್ನು ಗುಂಡಿಗಳ ಮೇಲೆ ಎತ್ತಿ ಹಿಡಿದೇ ಕಾದಳು.

"ಚಿಕ್ಕ ಸಾಹುಕಾರ್ರು ಫೋನ್ ಎತ್ತಿದ್ರು," ಎಂದ ಕಾವಲುಗಾರ, ಹಿಂತಿರುಗಿ ನೋಡದೆ. "ನಾನು ಬರೋವರೆಗೂ ತೆಗೀಬೇಡ, ಗಲಾಟೇಲಿ ಸರಕೆಲ್ಲ ಹೊರಗೆ ಹೋಗುತ್ತೆ ಅಂದ್ರು."

ವಕೀಲ ತಟ್ಟನೆದ್ದ. "ಬೀಗದಕೈ ಎಲ್ಲಿತ್ತು ಅಂತ ಇವರನ್ನೇ ಕೇಳಿ ಮೇಡಂ!"

ಆ ಪ್ರಶ್ನೆಗೆ ಅವನು ಹೆದರಿ ಓಡುತ್ತಾನೆಂದು ವಕೀಲ ಎಣಿಸಿದ್ದಿರಬೇಕು. ಕಾವಲುಗಾರ ತನ್ನ ಎರಡೂ ಅಂಗೈಯನ್ನು ಕಟಕಟೆಯ ಮೇಲೆ ಮಲಗಿಸಿದ.

"ನನ್ನ ಸೊಂಟದಲ್ಲೇ ಇತ್ತು," ಎಂದ. "ಎಂಟು ತಿಂಗಳಿಂದ ಯಾರಿಗೂ ಹೇಳಿಲ್ಲ, ನನ್ನ ಹೆಂಡ್ತಿಗೂ ಹೇಳಿಲ್ಲ. ತೆಗೀಬಹುದಾಗಿತ್ತು. ಅವರು ಬೇಡ ಅಂದ್ರು, ನಾನು ನಿಂತ್ಕೊಂಡೆ. ಹತ್ತು ನಿಮಿಷ. ಆಮೇಲೆ ತಡೀಲಾರದೆ ಬೀಗ ತೆಗೆದೆ. ಆಗ ಕೂಗು ನಿಂತಿತ್ತು."

ಕೋಣೆಯಲ್ಲಿ ಕೇಳುತ್ತಿದ್ದದ್ದು ಗುಂಡಿಗಳ ಸದ್ದೊಂದೇ. ಅದು ಅವನ ಮಾತಿಗಿಂತ ಸ್ವಲ್ಪ ಹಿಂದೆ ಬಂದು, ಕೊನೆಯ ಪದ ಮುಗಿಸಿ ನಿಂತಿತು. ಮಾಲೀಕರ ತಮ್ಮನ ಜಾಗ ಖಾಲಿಯಾಗಿತ್ತು. ಬಾಗಿಲು ಇನ್ನೂ ಮೆಲ್ಲಗೆ ಅಲ್ಲಾಡುತ್ತಿತ್ತು.

ಹೇಳಿಕೆಯನ್ನು ಓದಿ ಕೇಳಿಸಿ, ಸರಿಯಿದ್ದರೆ ಸಹಿ ಹಾಕಿಸಿಕೊಳ್ಳುವುದು ಕ್ರಮ. ಟೈಪಕ್ಕ ಕಂಕುಳಲ್ಲಿ ಎಡಗೈ ಅದುಮಿಕೊಂಡು ಪರದೆ ನೋಡಿ ಓದಿದಳು. ಅವನು ಕಣ್ಣುಮುಚ್ಚಿ, ಬೇರೆ ಯಾರದೋ ಕತೆ ಕೇಳುವವನಂತೆ, ಸಾಲು ಸಾಲಿಗೂ ತಲೆಯಾಡಿಸಿದ.

"'ಬಾಗಿಲ ಒಳಗಿನಿಂದ ಹೆಂಗಸರು ಕೂಗಿದರು. ಬಾಗಿಲು ಬಡಿದರು.'"

"ತಾಯೀ," ಎಂದು ಅವನು ಕಣ್ಣು ತೆರೆದ. "ಅದು ಹಂಗಲ್ಲ. ಬಡಿದ್ರು ಅಂದ್ರೆ ಒಂದ್ಸಲ ಆಗುತ್ತೆ. ಅವರು ಬಡೀತಾನೇ ಇದ್ರು."

ಟೈಪಕ್ಕ ನ್ಯಾಯಾಧೀಶೆಯತ್ತ ನೋಡಿದಳು. ಅವರು ತಲೆಯಾಡಿಸಿದರು. ಅವಳು ಆ ಪದವನ್ನು ಅಳಿಸಿ, ಬಲಗೈಯ ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಒತ್ತಿದಳು: ಬಡಿಯುತ್ತಲೇ ಇದ್ದರು.